ನಾನು ಹೊಲಿದ ಗಾಲಿಮನೆ

ಟೈಲರ್ ಹೇಳಿದ ದಿನಕ್ಕೆ ಬಟ್ಟೆ ಕೊಡುವುದಿಲ್ಲ ಎಂದು ಲೋಕವೆಲ್ಲ ದೂರುತ್ತದೆ. ಯಾಕೆ ಕೊಡುವುದಿಲ್ಲ ಎಂದು ಇವತ್ತಿನವರೆಗೆ ಒಬ್ಬ ಪುಣ್ಯಾತ್ಮನಾದರೂ ಸಮಾಧಾನವಾಗಿ ಕೂತು ಕೇಳಿದ್ದುಂಟೆ? ನೀವಾದರೂ ಕೇಳುತ್ತೀರಿ ಅಂದುಕೊಂಡು ಹೇಳುತ್ತಿದ್ದೇನೆ. ನಾನು ಇಪ್ಪತ್ತಾರು ವರ್ಷದಿಂದ ಟೈಲರ್. ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದೆ, ಮನೆ ಅದೇ ಕಟ್ಟಡದ ಹಿಂಭಾಗದಲ್ಲಿ. ಗಿರಾಕಿಗಳು ಬಂದರೆ ಹಿಂದಿನ ಬಾಗಿಲಿಂದ ಮನೆಗೆ, ಹೆಂಡತಿ ಬಂದರೆ ಮುಂದಿನ ಬಾಗಿಲಿಂದ ಅಂಗಡಿಗೆ ತಪ್ಪಿಸಿಕೊಳ್ಳಲು ಬಹಳ ಅನುಕೂಲ. (ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ದಾರಿಯಿಲ್ಲ. ಅಂಥ ದಿನವೂ ಒಂದು ಬಂತು, ಹೇಳುತ್ತೇನೆ.)

ನನ್ನ ಹೆಂಡತಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾಳೆ. ವ್ಯಾನು ಅವಳದೇ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ, ಒಂದು ನಿಮಿಷ ತಡ ಮಾಡಿದವಳಲ್ಲ. ಅವಳ ವ್ಯಾನು ತಿರುವಿನಲ್ಲಿ ಕಂಡರೆ ಬೇಕರಿಯವರು ತಮ್ಮ ಗೋಡೆ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಇಂಥವಳಿಗೆ ನನ್ನಂಥವನನ್ನು ಹುಡುಕಿ ಗಂಟು ಹಾಕಿದವರು ಯಾರೋ, ಅವರಿಗೆ ತಮಾಷೆ ನೋಡುವ ಆಸೆ ಇದ್ದಿರಬೇಕು.

ಅವಳಿಗಿದ್ದದ್ದು ಒಂದೇ ಒಂದು ಆಸೆ, ಸಮುದ್ರ ನೋಡುವುದು. ವ್ಯಾನಿನ ಮೀಟರಿನ ಪ್ರಕಾರ ಅವಳು ಭೂಮಿಯನ್ನು ಸುಮಾರು ನಾಲ್ಕು ಸುತ್ತು ಹಾಕಿದ್ದಾಳೆ. ಆದರೆ ಎಲ್ಲವೂ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ಸಮುದ್ರ ಇರುವುದು ಎಂಟು ಗಂಟೆಯ ದಾರಿಯಲ್ಲಿ. ಪ್ರತಿ ರಜೆಯಲ್ಲೂ ಹೊರಡೋಣ ಎನ್ನುತ್ತಿದ್ದೆ. ಪ್ರತಿ ರಜೆಯಲ್ಲೂ ಶಾಲೆ ಮತ್ತೆ ತೆರೆಯುವ ಮುಂಚೆ ಹೊಲಿದು ಕೊಡಬೇಕಾದ ಸಮವಸ್ತ್ರಗಳು ಸೊಂಟದೆತ್ತರ ಬಿದ್ದಿರುತ್ತಿದ್ದವು. ಮುಂದಿನ ರಜೆಗೆ ಖಂಡಿತ ಎಂದು ಹೇಳಿ ಹೇಳಿ ನನ್ನ ನಾಲಿಗೆಗೂ ನಾಚಿಕೆಯಾಗಿತ್ತು. ಅವಳು ಜಗಳವಾಡುವುದನ್ನೂ ಬಿಟ್ಟಿದ್ದಳು. ಹೆಂಡತಿ ಜಗಳ ಬಿಟ್ಟಳೆಂದರೆ ಗಂಡನಾದವನು ಹೆದರಬೇಕು, ನನಗದು ತಿಳಿಯಲಿಲ್ಲ.

ಹೀಗಿರುವಾಗ ನಮ್ಮ ಷಡ್ಡಕರು ದಯಮಾಡಿಸಿದರು. ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಯಾವುದೋ ಕಚೇರಿಯ ದಾಖಲೆ ಕೋಣೆಯಲ್ಲಿ ಹಿರಿಯ ಗುಮಾಸ್ತರು. ಮೂವತ್ತು ವರ್ಷದ ಹಿಂದಿನ ಕಾಗದ ಕೇಳಿದರೂ ಕಣ್ಣು ಮುಚ್ಚಿ ಎಳೆದು ಕೊಡುತ್ತಾರಂತೆ. (ನಾನು ಇವತ್ತು ಬೆಳಗ್ಗೆ ಇಟ್ಟ ಕತ್ತರಿ ಹುಡುಕುತ್ತಾ ಮಧ್ಯಾಹ್ನ ಮಾಡುವವನು.) ಅವರು ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಈ ರಜೆಗೆ ಸಮುದ್ರದ ದಡದ ಹೋಟೆಲಿನಲ್ಲಿ ರೂಮು ಹಿಡಿದಿರುವುದಾಗಿ ಸಾರಿದರು. ಕಿಟಕಿ ತೆಗೆದರೆ ಸಮುದ್ರವಂತೆ. ನನ್ನ ಹೆಂಡತಿಯೂ ನಮ್ಮ ಜೊತೆಯಲ್ಲೇ ಇರುವ ಅತ್ತೆಯೂ ಅವರ ಕಾರಿನಲ್ಲೇ ಬರಬಹುದಂತೆ. "ನಿಮಗೆ ಪುರುಸೊತ್ತು ಇರಲ್ಲ ಬಿಡಿ" ಎಂದು ನನ್ನ ಕಡೆ ಒಂದು ಕರುಣೆಯ ನಗೆ ಎಸೆದರು.

ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವಳು ಮೊಟ್ಟಮೊದಲ ಸಲ ಸಮುದ್ರ ನೋಡುವಾಗ ಪಕ್ಕದಲ್ಲಿ ನಿಂತಿರಬೇಕಾದವನು ನಾನು. ಆ ಜಾಗವನ್ನು ಗುಮಾಸ್ತರಿಗೆ ಬಿಟ್ಟುಕೊಡುವುದೆಂದರೆ ಹೇಗೆ? ಅದೇ ಹೊತ್ತಿಗೆ ಒಳಗಿನಿಂದ ಅತ್ತೆಯವರು, ಯಾರ್ಯಾರೋ ಮಲಗೆದ್ದ ಹಾಸಿಗೆಯಲ್ಲಿ ತಮಗೆ ನಿದ್ದೆ ಬರುವುದಿಲ್ಲವೆಂದೂ ಹೋಟೆಲಿಗೆ ತಾವು ಬರುವುದಿಲ್ಲವೆಂದೂ ಘೋಷಿಸಿದರು. ಅತ್ತೆಯ ಮಾತು ಅಳಿಯನಿಗೆ ಅನುಕೂಲವಾಗಿ ಬಂದದ್ದು ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲು. ನಾನು ಎದ್ದು ನಿಂತೆ. ಅತ್ತೆಯವರಿಗೆ ಅವರದೇ ಹಾಸಿಗೆ ಬೇಕು ತಾನೆ, ಮನೆಯನ್ನೇ ವ್ಯಾನಿನ ಹಿಂದೆ ಕಟ್ಟಿಕೊಂಡು ಹೋಗೋಣ, ಆ ಮನೆ ನಾನು ಮಾಡುತ್ತೇನೆ ಎಂದುಬಿಟ್ಟೆ.

ಷಡ್ಡಕರು ಕಾಫಿ ಮೂಗಿಗೇರಿ ಕೆಮ್ಮಿದರು. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಕೈಗಡಿಯಾರ ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇನ್ನು ಏಳು ವಾರ ಇದೆ. ರಜೆಯ ಮೊದಲನೇ ದಿನ ಬೆಳಗ್ಗೆ ಆರು ಗಂಟೆಗೆ ನಾನು ಹೊರಡ್ತೀನಿ. ನಿಮ್ಮ ಮನೆ ರೆಡಿ ಇದ್ರೆ ಅದರಲ್ಲಿ. ಇಲ್ಲ ಅಂದ್ರೆ ಅಕ್ಕನ ಕಾರಲ್ಲಿ. ಆರು ಅಂದ್ರೆ ಆರು."

ಮಾರನೆಯ ದಿನವೇ ಗುಜರಿಯವರ ಹತ್ತಿರ ಓಡಿದೆ. ಊರಿನ ಹಳೇ ಕಬ್ಬಿಣವೆಲ್ಲ ಕೊನೆಗೆ ಬಂದು ಬೀಳುವುದು ಅವರ ಅಂಗಳದಲ್ಲಿ. ಅಲ್ಲಿ ಮುರಿದ ಸೈಕಲ್ಲುಗಳ ಹಿಂದೆ ಒಂದು ಟ್ರೈಲರ್ ಇತ್ತು. ಯಾವುದೋ ಕಾಲದಲ್ಲಿ ನೀರಿನ ಟ್ಯಾಂಕು ಹೊತ್ತು ತಿರುಗಿದ್ದು. ಟ್ಯಾಂಕು ತೂತಾಗಿ ಹೋಗಿ, ಅಡಿಯ ಕಬ್ಬಿಣದ ಚೌಕಟ್ಟು, ಎರಡು ಗಾಲಿ ಮತ್ತು ವ್ಯಾನಿಗೆ ಸಿಕ್ಕಿಸುವ ಕೊಂಡಿ ಮಾತ್ರ ಉಳಿದಿದ್ದವು. ನಡುವೆ ಒಂದು ಬಳ್ಳಿ ಬೆಳೆದು ಹೂವು ಬಿಟ್ಟಿತ್ತು. ಎರಡು ಗಾಲಿಗಳು ಬೇರೆ ಬೇರೆ ಗಾಡಿಯವು, ಒಂದು ಅಣ್ಣ, ಇನ್ನೊಂದು ತಮ್ಮ. ಗುಜರಿಯವರು ಅದನ್ನು ಎತ್ತಿಕೊಂಡು ಹೋದರೆ ಸಾಕೆಂಬ ಮುಖ ಮಾಡಿ, ಬದಲಿಗೆ ಎಂಟು ಜೇಬಿನ ಪ್ಯಾಂಟು ಒಂದು ಹೊಲಿದುಕೊಡಿ ಎಂದರು. ಬರುವ ಮಂಗಳವಾರ ಎಂದೆ. (ಯಾವ ಮಂಗಳವಾರ ಎಂದು ನಾನು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು.)

ವೆಲ್ಡಿಂಗ್ ಅಂಗಡಿಯವರು ಸುತ್ತಿಗೆಯಿಂದ ಚೌಕಟ್ಟನ್ನು ಅಲ್ಲಲ್ಲಿ ಬಡಿದು ನೋಡಿ, ತುಕ್ಕು ತಿಂದ ಎರಡು ಅಡ್ಡಪಟ್ಟಿ ಕತ್ತರಿಸಿ ಹೊಸದು ಹಾಕಿಕೊಟ್ಟರು, ಗಾಲಿಗಳನ್ನೂ ಒಂದೇ ಜೋಡಿ ಮಾಡಿಸಿದರು. ಮೂಳೆ ಗಟ್ಟಿ ಇದೆ ಎಂದು ಸರ್ಟಿಫಿಕೇಟ್ ಕೊಟ್ಟರು. ಕಾಗದಪತ್ರ, ನಂಬರ್ ಪ್ಲೇಟು, ಹಿಂದಿನ ಕೆಂಪು ದೀಪ ಎಲ್ಲವನ್ನೂ ಹೆಂಡತಿ ಒಂದೇ ಬೆಳಗ್ಗೆ ಓಡಾಡಿ ಮುಗಿಸಿದಳು. ಹಿತ್ತಲಿನಲ್ಲಿ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಚೌಕಟ್ಟು ನಿಂತಿತು. ಇನ್ನು ಮೇಲಿನದು ನನ್ನ ಕೆಲಸ. ಬಡಗಿಗಳನ್ನು ಕರೆಸು ಎಂದು ಎಲ್ಲರೂ ಹೇಳಿದರು. ಇಡೀ ಊರಿನ ಮೈಗೆ ಬಟ್ಟೆ ಹೊಂದಿಸಿದವನಿಗೆ ಒಂದು ಗಾಡಿಯ ಮೈಗೆ ಪ್ಲೈವುಡ್ ಹೊಂದಿಸುವುದು ಯಾವ ಮಹಾವಿದ್ಯೆ ಎಂದು ನಾನು ಕೊರಳಿಗೆ ಟೇಪು ಹಾಕಿಕೊಂಡೆ.

ಟೈಲರ್ ಆದವನು ಅಳತೆ ಇಲ್ಲದೆ ಕತ್ತರಿ ಹಿಡಿಯಬಾರದು. ಮಲಗುವ ಮನೆಯಾದ್ದರಿಂದ ಎಲ್ಲರನ್ನೂ ಮಲಗಿಸಿ ಅಳತೆ ತೆಗೆಯುವುದೆಂದು ತೀರ್ಮಾನಿಸಿದೆ. ಅತ್ತೆಯವರನ್ನು ಹಾಲಿನ ಚಾಪೆಯ ಮೇಲೆ ಅಂಗಾತ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಗೆ ಟೇಪು ಎಳೆದು, ಭುಜದ ಅಗಲ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಪ್ಲೈವುಡ್ ಒರಗಿಸಿತ್ತು. ಅತ್ತೆಯವರು ಪ್ಲೈವುಡ್ ನೋಡಿದರು, ಟೇಪು ನೋಡಿದರು, ನನ್ನ ಬಾಯಲ್ಲಿದ್ದ ಪೆನ್ಸಿಲ್ ನೋಡಿದರು.

"ಅಳಿಯಂದಿರೇ, ನಾನಿನ್ನೂ ಉಸಿರಾಡ್ತಾ ಇದ್ದೀನಿ. ಪೆಟ್ಟಿಗೆಗೆ ಅಷ್ಟು ಅವಸರ ಏನಿದೆ?"

ಇದು ಮಲಗುವ ಮಂಚಕ್ಕೆ ಎಂದು ಎಷ್ಟು ಹೇಳಿದರೂ ಅವರ ಅನುಮಾನ ಪೂರ್ತಿ ಹೋಗಲಿಲ್ಲ. ಮಲಗಿದ ಮೇಲೆ ಎದ್ದು ಕೂರಲು ಆಗುತ್ತದೆಯೇ ಎಂದು ಮಾತ್ರ ಮೂರು ಸಲ ಕೇಳಿ ಖಾತರಿ ಮಾಡಿಕೊಂಡರು.

ಅಳತೆ ಸರಿಯಾಗಿಯೇ ಇತ್ತು. ಕತ್ತರಿಸಿದ್ದೂ ನೇರವಾಗಿಯೇ ಇತ್ತು. ಆದರೂ ಹಲಗೆಗಳನ್ನು ಜೋಡಿಸಿ ನಿಲ್ಲಿಸಿದಾಗ ಪೆಟ್ಟಿಗೆ ಚೌಕಟ್ಟಿನ ಮೇಲೆ ಕೂರುವುದೇ ಇಲ್ಲ. ಎಲ್ಲ ಕಡೆಯಿಂದಲೂ ಹೊರಗೆ ಚಾಚಿಕೊಂಡಿದೆ, ಎರಡೂ ಗಾಲಿಗಳ ನೆತ್ತಿಗೆ ತಾಗುತ್ತಿದೆ. ಸಂಜೆ ಹೆಂಡತಿ ಬಂದು ನನ್ನ ನೋಟ್‌ಪುಸ್ತಕ ತೆಗೆದು ನೋಡಿದಳು. ಪ್ರತಿ ಅಳತೆಯ ಮುಂದೆ ನಾನು ಒಂದೂವರೆ ಇಂಚು ಸೇರಿಸಿ ಬರೆದಿದ್ದೆ.

"ಇದೇನಿದು?"

"ಹೊಲಿಗೆಗೆ ಬಿಟ್ಟಿದ್ದು."

ಇಪ್ಪತ್ತಾರು ವರ್ಷದ ಅಭ್ಯಾಸ ಸ್ವಾಮಿ. ಯಾವ ತುಂಡು ಕತ್ತರಿಸಿದರೂ ಸುತ್ತ ಹೊಲಿಗೆಗೆಂದು ಬಿಡದೆ ನನ್ನ ಕೈ ಮುಂದೆ ಹೋಗುವುದಿಲ್ಲ. ಕೆಳಗಡೆ ಇನ್ನೂ ಎರಡು ಇಂಚು ಹೆಚ್ಚಿಗೆ ಯಾಕೆ ಎಂದು ಕೇಳಿದಳು. ಮುಂದೆ ಉದ್ದ ಬೇಕಾದರೆ ಬಿಚ್ಚಿಕೊಳ್ಳಬಹುದೆಂದು ಮಡಿಕೆಗೆ ಬಿಟ್ಟದ್ದು ಎಂದೆ. ಹಾಗಾದರೆ ಪ್ಲೈವುಡ್ ದೊಡ್ಡದಾಗಿ ಬೆಳೆದು ಹೈಸ್ಕೂಲು ಸೇರುತ್ತದೆಯೇ ಎಂದು ವಿಚಾರಿಸಿದಳು. ನಾನು ಗರಗಸ ಹುಡುಕಲು ಹೋದೆ. ಎರಡು ಭಾನುವಾರ ಕೂತು ಹೊಲಿಗೆಗೆ ಬಿಟ್ಟದ್ದನ್ನೆಲ್ಲ ಗರಗಸದಿಂದ ಕೊಯ್ದು ತೆಗೆದೆ. ಮಡಿಕೆಗೆ ಬಿಟ್ಟದ್ದು ಮಾತ್ರ ಹಾಗೇ ಉಳಿಸಿಕೊಂಡೆ, ಮಣ್ಣು ಸಿಡಿಯದ ಹಾಗೆ ತಡೆಯುತ್ತದೆ ಎಂದು ವಾದಿಸಿ ಗೆದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬಡಗಿಗಳ ಸಾಲಿನಲ್ಲಿ ಕೂರಬಹುದಿತ್ತು. ಐದನೆಯ ವಾರ ಗೋಡೆಗಳು ನಿಂತವು. ನಾಲ್ಕು ಮೂಲೆಗೂ ಕಬ್ಬಿಣದ ಆಂಗಲ್ ಬಿಗಿದು, ಮೇಲೆ ತಗಡಿನ ಹೊದಿಕೆ ಹಾಕುತ್ತಾ ಒಳಗಿನಿಂದ ಸ್ಕ್ರೂ ತಿರುಗಿಸುತ್ತಿದ್ದೆ. ಕೊನೆಯ ಸ್ಕ್ರೂ ಕೂತಿತು. ಸೀಟಿ ಹಾಕಿಕೊಂಡು ಹೊರಗೆ ಬರೋಣವೆಂದು ಬಾಗಿಲು ತಳ್ಳಿದರೆ ನಾಲ್ಕು ಬೆರಳಷ್ಟು ತೆರೆದು ಟಪ್ ಎಂದು ನಿಂತಿತು. ಆಚೆ ಕಾಂಪೌಂಡ್ ಗೋಡೆ. ಬಾಗಿಲು ಇರಬೇಕಾದದ್ದು ಹಿತ್ತಲಿನ ಕಡೆ, ಬಂದು ಕೂತಿರುವುದು ಗೋಡೆಯ ಕಡೆ.

ಇದರಲ್ಲೂ ನನ್ನ ತಪ್ಪಿಲ್ಲ, ಕಸುಬಿನ ತಪ್ಪು. ಟೈಲರ್ ಸೀಮೆಸುಣ್ಣದಿಂದ ಗುರುತು ಹಾಕುವುದು ಬಟ್ಟೆಯ ಒಳಮೈ ಮೇಲೆ. ಆಮೇಲೆ ಹೊಲಿದು ತಿರುವಿದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ತಾನಾಗಿ ಬರುತ್ತದೆ. ಹಾಗೇ ಹಲಗೆಯ ಒಳಮೈ ಮೇಲೆ ಬಾಗಿಲು ಬರೆದಿದ್ದೆ. ಹಲಗೆಯನ್ನು ಯಾರೂ ತಿರುವುವುದಿಲ್ಲ ಎಂಬುದು ನಾನು ಒಳಗೆ ಸಿಕ್ಕಿಕೊಂಡ ಮೇಲೆ ಹೊಳೆಯಿತು. ಕಿಟಕಿಗಳು ಅತ್ತೆಯವರ ಮುಖ ಹಿಡಿಸುವಷ್ಟು ದೊಡ್ಡವು, ನನ್ನ ಹೊಟ್ಟೆ ಹಿಡಿಸುವಷ್ಟಲ್ಲ. ಸಂಜೆ ನಾಲ್ಕೂ ಹತ್ತಕ್ಕೆ, ಎಂದಿನಂತೆ ನಾಲ್ಕೂ ಹತ್ತಕ್ಕೇ, ಹೆಂಡತಿ ಮನೆಗೆ ಬಂದಾಗ ನಾನು ಕಿಟಕಿಯಲ್ಲಿ ಮುಖವಿಟ್ಟುಕೊಂಡು ಕಾಯುತ್ತಿದ್ದೆ. ಅವಳು ನೇರ ಅಡುಗೆಮನೆಗೆ ಹೋದಳು. ಒಂದು ಲೋಟ ಕಾಫಿ ತಂದು ಕಿಟಕಿಯಿಂದ ಕೊಟ್ಟಳು. ಆಮೇಲೆ ವ್ಯಾನನ್ನು ಹಿತ್ತಲಿಗೆ ತಂದು, ಕೊಂಡಿ ಸಿಕ್ಕಿಸಿ, ನನ್ನನ್ನೂ ಸೇರಿಸಿ ಇಡೀ ಮನೆಯನ್ನು ಬೀದಿಗೆ ಎಳೆದಳು. ಹೀಗೆ ನನ್ನ ಗಾಲಿಮನೆಯ ಲೋಕಾರ್ಪಣೆ ನಡೆಯಿತು. ಕಾಫಿ ಅರ್ಧ ಅಂಗಿಯ ಮೇಲಿತ್ತು.

ಈ ಬಾಗಿಲಿನಿಂದ ಇಳಿದರೆ ನೇರ ಲಾರಿಯ ಕೆಳಗೇ ಇಳಿಯುತ್ತೀರಿ, ರಸ್ತೆಯ ಕಡೆ ಇದೆ ಎಂದು ಅವಳು ತೋರಿಸಿಕೊಟ್ಟಳು. ಆದ್ದರಿಂದ ಈಚೆಗೂ ಒಂದು ಬಾಗಿಲು ಕೊಯ್ದೆವು. ಎರಡು ಬಾಗಿಲಿನ ಗಾಲಿಮನೆ ಎಲ್ಲೂ ಇಲ್ಲವೆಂದು ಬೀದಿಯವರು ಹೊಗಳಿದರು. ಗಾಳಿ ಓಡಾಡಲಿ ಎಂದು ಯೋಚನೆ ಮಾಡಿಯೇ ಇಟ್ಟೆ ಎಂದು ನಾನೂ ಹೇಳುತ್ತಾ ಬಂದೆ. ನಿಮಗೊಬ್ಬರಿಗೇ ನಿಜ ಹೇಳುತ್ತಿರುವುದು.

ಆ ಹೊತ್ತಿಗೆ ಬೀದಿಯಲ್ಲಿ ನನ್ನ ಮೇಲೆ ಒಂದು ಬಗೆಯ ಗೌರವ ಹುಟ್ಟಿತ್ತು. ಅಂಗಡಿಯನ್ನು ಅರ್ಧ ದಿನ ಮುಚ್ಚುತ್ತಿದ್ದೆ, ಆದರೂ ಯಾರೂ ಬೈಯುತ್ತಿರಲಿಲ್ಲ. ಬಟ್ಟೆ ಕೇಳಲು ಬಂದವರು ಗಾಲಿಮನೆ ನೋಡಿ, ಅದರ ಬಣ್ಣದ ಬಗ್ಗೆ ಸಲಹೆ ಕೊಟ್ಟು, ಬಂದ ಕೆಲಸ ಮರೆತು ಹೋಗುತ್ತಿದ್ದರು. ಅಂಗಡಿಯ ಶೆಲ್ಫಿನಲ್ಲಿ ಬಟ್ಟೆಯ ಗಂಟುಗಳು ಏರುತ್ತಲೇ ಇದ್ದವು. ಅತ್ತೆಯವರು ಗಾಲಿಮನೆಯೊಳಗೆ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ನಮ್ಮ ಅಳಿಯಂದಿರ ಕೈಗುಣ ಎಂದು ವಿವರಿಸುತ್ತಿದ್ದರು. ಪೆಟ್ಟಿಗೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕೊನೆಯ ವಾರ ಉಳಿದದ್ದು ಒಳಗಿನ ಮೆತ್ತೆ, ದಿಂಬು, ಪರದೆ. ಇಲ್ಲಿ ನಾನು ರಾಜ. ಇಲ್ಲಿ ಗರಗಸವಿಲ್ಲ, ಸ್ಕ್ರೂ ಇಲ್ಲ, ಒಳಮೈ ಹೊರಮೈ ಎಲ್ಲ ನನ್ನ ಕೈಯಲ್ಲಿದೆ. ಅಂಗಡಿಯ ಮೂಲೆಯಲ್ಲಿದ್ದ ದೊಡ್ಡ ಟ್ರಂಕನ್ನು ಎಳೆದು ತಂದು ಮುಚ್ಚಳ ತೆಗೆದೆ. ಅದರೊಳಗೆ ಇಪ್ಪತ್ತಾರು ವರ್ಷದ ಉಳಿಕೆ ಬಟ್ಟೆ. (ಉಳಿಕೆ ಎಂದರೆ ಏನು ಎಂದು ಟೈಲರ್‌ಗಳನ್ನು ಕೇಳಬಾರದು. ನೀವು ಎರಡೂವರೆ ಮೀಟರ್ ಕೊಟ್ಟಿರುತ್ತೀರಿ, ಎರಡು ಮೀಟರಿನಲ್ಲಿ ಕೆಲಸ ಆಗಿರುತ್ತದೆ, ಬಟ್ಟೆ ಸರಿಯಾಗಿ ಸಾಕಾಯಿತು ನೋಡಿ ಎಂದು ನಾವು ಹೇಳಿರುತ್ತೇವೆ. ಇದು ಕಳ್ಳತನ ಅಲ್ಲ. ಇದಕ್ಕೆ ಬೇರೆ ಹೆಸರು ಇನ್ನೂ ಇಟ್ಟಿಲ್ಲ, ಅಷ್ಟೆ.) ಬೂದು ಗೆರೆಯದು, ಚೌಕುಳಿಯದು, ಕೆಂಪು ಮಖಮಲ್ಲು, ನೀಲಿ ದಪ್ಪ ಬಟ್ಟೆ, ಎಲ್ಲದರಿಂದಲೂ ಬೇಕಾದಷ್ಟು ತೆಗೆದು ಚೌಕ ಚೌಕವಾಗಿ ಕತ್ತರಿಸಿ ಜೋಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಕೆಲಸ ಮಾಡಿಲ್ಲ. ಎಲ್ಲ ಹಾಕಿ ಮುಗಿಸಿ ಹೆಂಡತಿಯನ್ನು ಕರೆದಾಗ ಅವಳು ಮೆತ್ತೆಯ ಮೇಲೆ ಕೈಯಾಡಿಸಿ, ಪರದೆ ಸರಿಸಿ, ಅಲ್ಲೇ ಕೂತುಬಿಟ್ಟಳು. ಹೊರಡಲು ಇನ್ನೂ ಹನ್ನೆರಡು ಗಂಟೆ ಇತ್ತು.

"ಹೇಳಿದ ದಿನಕ್ಕೆ ಕೊಟ್ರಲ್ಲ" ಎಂದಳು.

ನನಗೆ ಕಣ್ಣು ತುಂಬಿ ಬಂತು. ಯಾರಿಗೂ ಉಳಿಸಿಕೊಡದ ಮಾತನ್ನು ಅವಳಿಗೆ ಉಳಿಸಿಕೊಟ್ಟಿದ್ದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಅವತ್ತು ನನ್ನ ಕೋಟು ನಾನೇ ಹೊಲಿದುಕೊಂಡಿದ್ದೆ, ಒಂದು ತೋಳು ಬಾಕಿ ಇತ್ತು, ಅದೇ ಚಿಂತೆ.)

ಮಾರನೆಯ ದಿನ ಬೆಳಗ್ಗೆ ಐದೂವರೆಗೆ ಗಾಲಿಮನೆ ಅಂಗಡಿಯ ಮುಂದೆ ವ್ಯಾನಿಗೆ ಕಟ್ಟಿಕೊಂಡು ನಿಂತಿತ್ತು. ಅತ್ತೆಯವರು ಆಗಲೇ ವ್ಯಾನಿನೊಳಗೆ ತಮ್ಮ ದಿಂಬಿನ ಸಮೇತ ಕೂತಿದ್ದರು. ಹೆಂಡತಿಯ ಅಕ್ಕನೂ ಷಡ್ಡಕರೂ ಕಾರಿನಲ್ಲಿ ಬಂದಿಳಿದರು. ನಾನು ಮಾತು ತಪ್ಪಿರುತ್ತೇನೆ, ತಂಗಿಯನ್ನು ಹತ್ತಿಸಿಕೊಂಡು ಹೋಗೋಣ ಎಂದು ಬಂದವರು ಗಾಲಿಮನೆ ನೋಡಿ ಬೀದಿಯಲ್ಲೇ ನಿಂತರು. ಷಡ್ಡಕರು ಅದನ್ನು ಎರಡು ಸುತ್ತು ಹಾಕಿದರು. ಅವರ ಮುಖ ನೋಡಿ ನನಗೆ ಏಳು ವಾರದ ಬೆನ್ನುನೋವು ಇಳಿದುಹೋಯಿತು. ಬೀದಿಯವರೂ ಬೀಳ್ಕೊಡಲು ಬಂದಿದ್ದರು. ದಂತವೈದ್ಯರು, ಬೇಕರಿಯವರು, ಬ್ಯಾಂಡ್ ಮಾಸ್ಟರು, ಶಾಲೆಯ ಹೆಡ್ ಮೇಡಂ, ಗುಜರಿಯವರು. ಎಲ್ಲರೂ ಒಳಗೆ ನೋಡಿ ಬನ್ನಿ ಎಂದು ನಾನೇ ಕೈ ಹಿಡಿದು ಹತ್ತಿಸಿದೆ. ಎರಡು ಬಾಗಿಲು ಇದ್ದದ್ದರಿಂದ ಆ ಕಡೆ ಹತ್ತಿ ಈ ಕಡೆ ಇಳಿಯಲು ಬಹಳ ಸಲೀಸಾಗಿತ್ತು.

ಮೊದಲು ಹತ್ತಿದವರು ದಂತವೈದ್ಯರು. ಹತ್ತಿದವರು ಇಳಿಯಲಿಲ್ಲ. ಮೆತ್ತೆಯ ಮೇಲೆ ಕೂತು, ಪಕ್ಕದ ಬೂದು ಗೆರೆಯ ಚೌಕವನ್ನು ನೋಡುತ್ತಿದ್ದರು. ಆಮೇಲೆ ತಾವು ತೊಟ್ಟಿದ್ದ ಬೂದು ಗೆರೆಯ ಕೋಟಿನ ತೋಳನ್ನು ತಂದು ಅದರ ಪಕ್ಕದಲ್ಲಿಟ್ಟರು. ತೋಳು ಎಲ್ಲಿ ಮುಗಿಯಿತು, ಮೆತ್ತೆ ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗಿರಲಿಲ್ಲ.

"ಮಾಸ್ಟ್ರೇ, ನನ್ನ ಒಳಕೋಟಿಗೆ ಬಟ್ಟೆ ಸಾಲಲಿಲ್ಲ ಅಂದಿದ್ರಿ, ಅಲ್ವಾ?" ಎಂದು ಬಹಳ ಮೆತ್ತಗೆ ಕೇಳಿದರು. ಹಲ್ಲು ಕೀಳುವ ಮುಂಚೆ ಅವರು ಹಾಗೇ ಮಾತಾಡುವುದು.

ಅಷ್ಟರಲ್ಲಿ ಬ್ಯಾಂಡ್ ಮಾಸ್ಟರು ಒಳಗೆ ಬಂದು ಕೆಂಪು ಮಖಮಲ್ಲಿನ ದಿಂಬನ್ನು ಎತ್ತಿ ಎದೆಗವಚಿಕೊಂಡರು. ಹನ್ನೆರಡು ಜನರ ಬ್ಯಾಂಡಿಗೆ ಹನ್ನೊಂದೇ ಕೋಟಾಗಿ, ಮೂರು ವರ್ಷದಿಂದ ಅವರ ತಾಳದವರು ಒಬ್ಬರೇ ಬಿಳಿ ಅಂಗಿಯಲ್ಲಿ ಹಿಂದೆ ನಿಲ್ಲುತ್ತಿದ್ದಾರೆ. ಬೇಕರಿಯವರು ಚೌಕುಳಿಯಲ್ಲಿ ತಮ್ಮ ಪ್ಯಾಂಟಿನ ಇನ್ನೊಂದು ಕಾಲಿನಷ್ಟು ಬಟ್ಟೆ ಗುರುತು ಹಿಡಿದರು. ಹೆಡ್ ಮೇಡಂ ನೀಲಿ ಪರದೆಯನ್ನು ಬೆರಳಲ್ಲಿ ಹಿಡಿದು, ಮೂರನೇ ತರಗತಿಯ ಒಂದು ಕಿಟಕಿಗೆ ಪರದೆಯಿಲ್ಲದೆ ಮಕ್ಕಳು ಕಣ್ಣು ಕಿರಿದು ಮಾಡಿಕೊಂಡೇ ಮಗ್ಗಿ ಕಲಿಯುತ್ತಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ತಿಳಿಸಿದರು. ಗುಜರಿಯವರದು ಯಾವ ಬಟ್ಟೆಯೂ ಅಲ್ಲಿರಲಿಲ್ಲ. ಆದರೂ ಅವರು ಸಂದರ್ಭ ನೋಡಿಕೊಂಡು ಆರು ಮಂಗಳವಾರ ಕಳೆದವು ಎಂದರು.

ನಾನು ಅಂಗಡಿ ಹೊಕ್ಕು ಹಿಂದಿನ ಬಾಗಿಲಿಂದ ಮನೆಗೆ ಹೋಗೋಣವೆಂದು ತಿರುಗಿದೆ. ಅಲ್ಲಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಟ್ಟೆ ಎಲ್ಲಿಂದ ಬಂತು ಎಂದು ಮುಂಚೆ ಕೇಳಿದಾಗ ಅಂಗಡಿಯಲ್ಲಿ ಬಿದ್ದಿತ್ತು ಎಂದಿದ್ದೆ. ಬಿದ್ದಿದ್ದು ನಿಜವೇ, ಬೀಳಿಸಿದವನು ಯಾರು ಎಂದು ಮಾತ್ರ ಹೇಳಿರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮೆತ್ತೆ ಬಿಚ್ಚಿ ಕೊಡಬೇಕೆಂದು ಒಬ್ಬರು, ಹೊಲಿಯಲು ಕೊಟ್ಟ ಬಟ್ಟೆಯೇ ಇನ್ನೂ ಬಂದಿಲ್ಲವಲ್ಲ ಎಂದು ಇನ್ನೊಬ್ಬರು, ಟೈಲರ್ ಮಾಸ್ಟರು ಈ ಊರು ಬಿಟ್ಟು ಕದಲಕೂಡದು ಎಂದು ಮತ್ತೊಬ್ಬರು. ವ್ಯಾನಿನ ಮುಂದೆ ಬ್ಯಾಂಡ್ ಮಾಸ್ಟರು ದಿಂಬು ಹಿಡಿದುಕೊಂಡೇ ಅಡ್ಡ ನಿಂತರು. ಹೆಂಡತಿ ಕೈಗಡಿಯಾರ ನೋಡಿದಳು. ಆರಕ್ಕೆ ಎರಡು ನಿಮಿಷ.

"ನೋಡಿ, ಮೆತ್ತೆ ಈಗ ಬಿಚ್ಚಕ್ಕಾಗಲ್ಲ, ಅಮ್ಮ ಅದರ ಮೇಲೇ ಮಲಗಬೇಕು. ವಾಪಸ್ ಬಂದ ಮೇಲೆ ಬಿಚ್ಚಿ ಕೊಡ್ತೀನಿ. ಅಲ್ಲಿ ತನಕ ಇವರು ಇಲ್ಲೇ ಇರ್ತಾರೆ. ಶೆಲ್ಫಲ್ಲಿ ಇರೋದನ್ನೆಲ್ಲ ಹೊಲಿದು ಕೊಡ್ತಾರೆ" ಎಂದಳು.

ಇಷ್ಟು ಸಣ್ಣ ದನಿಯಲ್ಲಿ ಇಷ್ಟು ದೊಡ್ಡ ತೀರ್ಪನ್ನು ನಾನು ಕೇಳಿಲ್ಲ. ನ್ಯಾಯವಾಗಿಯೇ ಇತ್ತು, ಅದೇ ಬೇಜಾರು. ಆದರೂ ಅವಳು ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ಬೇಗ ಮುಗಿಸಿ ಬಸ್ಸಿಗೆ ಬಂದುಬಿಡಿ ಎಂದಳು. ಅವಳ ಅಕ್ಕ ಇದನ್ನೆಲ್ಲ ನೋಡುತ್ತಿದ್ದವರು ಕಾರಿನಿಂದ ತಮ್ಮ ಚೀಲ ತೆಗೆದುಕೊಂಡು ವ್ಯಾನು ಹತ್ತಿದರು. ತಂಗಿಯನ್ನೂ ತಾಯಿಯನ್ನೂ ಇಬ್ಬರನ್ನೇ ಹೇಗೆ ಕಳಿಸುವುದು ಎಂದರು. ಕಿಟಕಿ ತೆಗೆದರೆ ಸಮುದ್ರ ಕಾಣುವ ರೂಮು ಏನಾಗಬೇಕು ಎಂದು ಷಡ್ಡಕರು ಕೇಳಿದ್ದಕ್ಕೆ, ನೀವು ಇವರಿಗೆ ಕೈಹಚ್ಚಿ, ಆಮೇಲೆ ಇಬ್ಬರೂ ಬನ್ನಿ ಎಂದು ಬಾಗಿಲು ಎಳೆದುಕೊಂಡರು. ಆರು ಗಂಟೆಗೆ ಸರಿಯಾಗಿ ನನ್ನ ಗಾಲಿಮನೆ ತಿರುವು ದಾಟಿತು. ಒಂದು ಸ್ಕ್ರೂ ಕೂಡ ಅಲುಗಲಿಲ್ಲ, ಅದನ್ನು ಮಾತ್ರ ಎಲ್ಲರೂ ಒಪ್ಪಿಕೊಂಡರು.

ಷಡ್ಡಕರು ಸ್ವಲ್ಪ ಹೊತ್ತು ಬೀದಿಯಲ್ಲಿ ನಿಂತಿದ್ದು ಅಂಗಡಿಯೊಳಗೆ ಬಂದರು. ಶೆಲ್ಫು ನೋಡಿದರು. ಅವರ ಮುಖದಲ್ಲಿ ಕರುಣೆ ಮಾಯವಾಗಿ, ದಾಖಲೆ ಕೋಣೆಯವರ 'ಇದೇನು ಅನ್ಯಾಯ' ಎಂಬ ಭಾವ ಬಂತು. ಒಂದು ಗಂಟೆಯಲ್ಲಿ ಎಲ್ಲ ಗಂಟುಗಳನ್ನೂ ಬಿಚ್ಚಿ, ತಾರೀಖಿನ ಪ್ರಕಾರ ಜೋಡಿಸಿ, ಚೀಟಿ ಅಂಟಿಸಿದರು. ಆಮೇಲೆ ನನ್ನ ಹತ್ತಿರ ಗುಂಡಿ ಹಾಕುವುದನ್ನು ಕಲಿತರು. ಅವರು ಹಾಕಿದ ಗುಂಡಿಯನ್ನು ಕಿತ್ತರೆ ಬಟ್ಟೆ ಬರಬೇಕು, ಗುಂಡಿ ಬರುವುದಿಲ್ಲ. ಇಪ್ಪತ್ತು ವರ್ಷ ದೂರದಿಂದ ನೋಡಿ ಉರಿದುಕೊಂಡ ಮನುಷ್ಯ ಹತ್ತಿರ ಕೂತರೆ ಇಷ್ಟು ಒಳ್ಳೆಯವರು ಎಂದು ನನಗೆ ಗೊತ್ತಿರಲಿಲ್ಲ. ಅನ್ನ ಮಾಡಲು ಇಬ್ಬರಿಗೂ ಬಾರದು, ಬೇಕರಿಯ ಬ್ರೆಡ್ಡಿನಲ್ಲೇ ಕಾಲ ಹಾಕಿದೆವು. (ಬೇಕರಿಯವರ ಪ್ಯಾಂಟನ್ನು ಮೊದಲು ಮುಗಿಸಿದ್ದಕ್ಕೆ ಇದೂ ಒಂದು ಕಾರಣ.)

ಮೊದಲ ದಿನ ಸಂಜೆ ಫೋನು ಬಂತು. ಅವಳು ಸಮುದ್ರದ ಎದುರು ನಿಂತಿದ್ದಳು. "ಇಷ್ಟೊಂದು ಇರತ್ತೆ ಅಂತ ನೀವು ಹೇಳಲೇ ಇಲ್ವಲ್ರೀ" ಎಂದಳು, ನಾನೇನೋ ನೋಡಿ ಬಂದವನ ಹಾಗೆ. ಫೋನನ್ನು ಅಲೆಗಳ ಕಡೆ ಹಿಡಿದಳು. ಎಣ್ಣೆ ಹಾಕಿದ ಹೊಲಿಗೆ ಯಂತ್ರ ಪಕ್ಕದ ಮನೆಯಲ್ಲಿ ಓಡಿದಂತೆ ಕೇಳಿಸಿತು. ಪಕ್ಕದಲ್ಲಿ ನಾನಿರಬೇಕಿತ್ತು. ನಾನಿರಲಿಲ್ಲ, ಆದರೆ ಅವಳು ನಿಂತಿದ್ದು ನಾನು ಮಾಡಿದ ಮನೆಯ ಬಾಗಿಲಲ್ಲಿ. ದುಃಖವೂ ಸಂತೋಷವೂ ಒಟ್ಟಿಗೇ ಬಂದವು. ಷಡ್ಡಕರು ಮುಖ ಆ ಕಡೆ ತಿರುಗಿಸಿಕೊಂಡು ಸೂಜಿಗೆ ದಾರ ಪೋಣಿಸಿದರು.

ಆಮೇಲೆ ನಾನು ತಲೆಯೆತ್ತಲಿಲ್ಲ. ಬೆಳಗ್ಗೆ ಕೂತರೆ ಸಂಜೆಗೆ ಏಳುವುದು. ಕೋಟು, ಪ್ಯಾಂಟು, ಸಮವಸ್ತ್ರ, ಎಂಟು ಜೇಬು. ಟ್ರಂಕಿನ ತಳದಲ್ಲಿ ಉಳಿದಿದ್ದ ಬೂದು ಗೆರೆಯದರಲ್ಲಿ ದಂತವೈದ್ಯರ ಒಳಕೋಟು, ಕೆಂಪು ಮಖಮಲ್ಲಿನಲ್ಲಿ ತಾಳದವರಿಗೂ ಒಂದು ಕೋಟಾಯಿತು. ಕೆಂಪು ಕೋಟು ತೊಟ್ಟು ತಾಳದವರು ಬೀದಿಯಲ್ಲಿ ಎರಡು ಸಲ ಹೋಗಿ ಬಂದರು. ನಾಲ್ಕನೆಯ ದಿನ ಮಧ್ಯಾಹ್ನ ಶೆಲ್ಫು ಖಾಲಿ. ಶೆಲ್ಫಿನ ಹಲಗೆಗೆ ಹಸಿರು ಬಣ್ಣ ಬಳಿದಿದೆ ಎಂಬುದೇ ನನಗೆ ಮರೆತುಹೋಗಿತ್ತು. ದಂತವೈದ್ಯರ ಒಳಕೋಟು ಒಂದು ಮಾತ್ರ ಷಡ್ಡಕರ ಮಡಿಲಲ್ಲಿತ್ತು. ಅದರ ಕೊನೆಯ ಗುಂಡಿಯ ದಾರವನ್ನು ಅವರು ಕಚ್ಚಿ ತುಂಡರಿಸಿದರು. ಇಬ್ಬರೂ ಚೀಲ ತುಂಬಿಕೊಂಡಾಗಿತ್ತು. ಎರಡೂವರೆಗೆ ಬಸ್ಸು. (ಷಡ್ಡಕರ ಕಾರು ಓಡಿಸುವುದು ಅವರ ಹೆಂಡತಿ, ಇವರಿಗೆ ಬಾರದು.)

ನಾನು ಫೋನು ಹಚ್ಚಿ, ಷಡ್ಡಕರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಆ ಕಡೆ ಅತ್ತೆಯವರ ನಗು, ಅವಳ ಅಕ್ಕನ ನಗು, ಅಲೆಗಳು, ಇಸ್ಪೀಟು ಎಲೆ ಕಲಸುವ ಸದ್ದು.

"ಎಲ್ಲ ಮುಗಿಸಿದೆ ಕಣೇ. ಒಂದು ಜೇಬು ಕೂಡ ಬಾಕಿ ಇಲ್ಲ. ಈಗ ಎರಡೂವರೆ ಬಸ್ಸಿಗೆ ಇಬ್ಬರೂ ಹೊರಡ್ತಾ ಇದ್ದೀವಿ" ಎಂದೆ.

ನಗು ನಿಂತಿತು. ಇಸ್ಪೀಟೂ ನಿಂತಿತು. ಅಲೆಗಳು ಮಾತ್ರ ಕೇಳುತ್ತಿದ್ದವು.

"ಅಯ್ಯೋ, ಇಷ್ಟು ಬೇಗ ಯಾಕ್ರೀ ಮುಗಿಸಿದ್ರಿ?" ಎಂದಳು ನನ್ನ ಹೆಂಡತಿ. "ಅಮ್ಮ ಎರಡು ಮಂಚ ಸೇರಿಸಿಕೊಂಡು ಮಲಗ್ತಿದ್ದಾರೆ, ನಿಮ್ಮ ಜಾಗದಲ್ಲಿ ಅಕ್ಕ ಕಾಲು ಚಾಚಿದ್ದಾಳೆ. ಏನು ಅವಸರ, ನಿಧಾನವಾಗಿ ಶನಿವಾರ ಬನ್ನಿ."

ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಈ ದೂರು ನನ್ನ ಮೇಲೆ ಬಂದದ್ದು ಅದೇ ಮೊದಲು. ಷಡ್ಡಕರ ಮುಖ ನೋಡಿದೆ. ಅವರು ಚೀಲ ಕೆಳಗಿಟ್ಟು, ಕತ್ತರಿ ತೆಗೆದುಕೊಂಡು, ದಂತವೈದ್ಯರ ಒಳಕೋಟಿನ ಐದೂ ಗುಂಡಿಗಳನ್ನು ಒಂದೊಂದಾಗಿ ಕತ್ತರಿಸಿ ನನ್ನ ಅಂಗೈಯಲ್ಲಿಟ್ಟರು.